ಬಾಗಿಲ ಮೇಲಿದ್ದ ಕಾಗದ

ಹಿಂದಿನ ಸಂಜೆ ಭರಣಿ ಮಳೆ ಗಾಳಿಯನ್ನು ಮುಂದಿಟ್ಟುಕೊಂಡು ಬಂದು, ಗುಬ್ಬಿಯ ಅರ್ಧ ಊರಿನ ಹೆಂಚು ಎತ್ತಿ ನೋಡಿ ಹೋಗಿತ್ತು. ಬೆಳಗಾಗುವಷ್ಟರಲ್ಲಿ ಆಕಾಶ, ತಾನೇನೂ ಮಾಡಿಲ್ಲ ಎನ್ನುವವನ ಮುಖದಂತೆ ತಿಳಿಯಾಗಿತ್ತು. ತೆಂಗಿನ ಗರಿಗಳ ತುದಿಯಿಂದ ಇನ್ನೂ ಹನಿ ಬೀಳುತ್ತಿತ್ತು. ಒದ್ದೆ ಮಣ್ಣಿನ ವಾಸನೆ ಮನೆಯೊಳಗೂ ಬಂದು ಕೂತಿತ್ತು.

ಮನ್ಸೂರ್ ಅಲಿಯ ಮನೆಯ ತಲೆಬಾಗಿಲ ಮೇಲೆ ಎರಡು ಹೆಂಚು ಸರಿದಿದ್ದವು. ಅಲ್ಲಿಂದ ಇಳಿದ ನೀರು ಬಾಗಿಲ ಮೇಲೆ ತೂಗುಹಾಕಿದ್ದ ಫ್ರೇಮಿನೊಳಕ್ಕೆ ಹೋಗಿತ್ತು.

"ಅಜೀ, ಬನ್ನಿ ಇಲ್ಲಿ! ದುವಾ ನೆನ್ದೋಗಿದೆ!" ಎಂದು ಹೆಂಡತಿ ಫಾತಿಮುನ್ನೀಸಾ ಕೂಗಿದಳು.

ಆ ಮನೆಯಲ್ಲಿ ಅದಕ್ಕೆ ದುವಾ, ಅಂದರೆ ಪ್ರಾರ್ಥನೆ, ಎಂದೇ ಹೆಸರು. ಎರಡು ಅಂಗೈ ಅಗಲದ ಹಳದಿ ಕಾಗದ. ಅದರ ಮೇಲೆ ಬಲಗಡೆಯಿಂದ ಶುರುವಾಗುವ ಏಳೆಂಟು ಸಾಲು. ಉರ್ದುವಲ್ಲ, ಅರಬ್ಬಿಯೂ ಅಲ್ಲ. 'ಹಳೇ ಪೈಗಂಬರರ ಕಾಲದ ಅಕ್ಷರ' ಎಂದು ಮನ್ಸೂರನ ಅಪ್ಪ ಬುಡೇನ್ ಸಾಬರು ಹೇಳಿದ್ದರು. ಬಲದಿಂದ ಎಡಕ್ಕೆ ಹೋಗುವ ಬರಹ ಕೆಟ್ಟದ್ದಾಗಿರಲು ಸಾಧ್ಯವೇ ಎಂದು ಬೀದಿಯ ಹಿರಿಯರೂ ತಲೆದೂಗಿದ್ದರು. ಗುರುವಾರ ಗುರುವಾರ ಅದಕ್ಕೆ ಲೋಬಾನದ ಹೊಗೆ. ಮನೆಯಲ್ಲಿ ಯಾರಿಗೆ ಜ್ವರ ಬಂದರೂ ಅದರ ಕೆಳಗೆ ಒಂದು ಲೋಟ ನೀರಿಟ್ಟು, ಬೆಳಗ್ಗೆ ಎದ್ದು ಕುಡಿಸುವುದು. 'ಬುಡೇನ್ ಸಾಬ್ ಬ್ಯಾಂಡ್ ಸೆಟ್'ನ ಒಂಬತ್ತು ಜನ ಮದುವೆ ಬಾರಿಸಲು ಹೊರಡುವ ಮುಂಚೆ, ಹಿಂದೂವಾಗಲಿ ಮುಸ್ಲಿಮನಾಗಲಿ, ಒಬ್ಬೊಬ್ಬರೇ ಆ ಗಾಜು ಮುಟ್ಟಿ ಕಣ್ಣಿಗೊತ್ತಿಕೊಂಡು ಹೊಸ್ತಿಲು ದಾಟಬೇಕು. ಐವತ್ತು ವರ್ಷದಿಂದ ಹಾಗೆ ನಡೆದಿತ್ತು.

ಮನ್ಸೂರ್ ಸ್ಟೂಲು ಹತ್ತಿ ಫ್ರೇಮನ್ನು ಇಳಿಸಿದ. ಹಿಂದಿನ ಮೊಳೆ ಕಿತ್ತು, ಕಾಗದವನ್ನು ಅಂಗೈಯ ಮೇಲೆ ಹಾಸಿಕೊಂಡು ಜಗಲಿಯ ಬಿಸಿಲಿಗೆ ಬಂದು ಕೂತ. ಹನ್ನೆರಡು ದಿನದ ಹಿಂದೆ ಆಗಿದ್ದರೆ ಅದನ್ನು ಒಣಗಿಸಿ ಮತ್ತೆ ಮೊಳೆ ಹೊಡೆದಿರುತ್ತಿದ್ದ. ಆದರೆ ಹನ್ನೆರಡು ದಿನದಿಂದ ಅವನು ಶಾಲೆಗೆ ಹೋಗುತ್ತಿದ್ದ.

ಅದು ಬೇಸಿಗೆ ಶಾಲೆ. ತೊಂಬತ್ತೊಂಬತ್ತನೇ ಇಸವಿಯ ಏಪ್ರಿಲ್ ಕೊನೆಗೆ ತುಮಕೂರಿನ ಒಂದು ಹೈಸ್ಕೂಲಿನಲ್ಲಿ ಶುರುವಾಗಿತ್ತು. ನಡೆಸುವವರು ಸಂಗೀತದ ನಿವೃತ್ತ ಮೇಷ್ಟ್ರು ಷಡಕ್ಷರಿ, ಕಲಿಸುವವಳು ಬೆಲ್ಜಿಯಂನಿಂದ ಬಂದ ಲೇಯಾ ಎನ್ನುವ ಅರವತ್ತರ ಹೆಂಗಸು. ಬೆಳಗ್ಗೆ ಯುರೋಪಿನ ಯಹೂದಿಗಳ ಯಿದ್ದಿಷ್ ಎನ್ನುವ ಭಾಷೆ, ಮಧ್ಯಾಹ್ನ ಅವರ ಹಾಡು, ಸಂಜೆ ಕ್ಲೆಜ್ಮರ್. 'ಕ್ಲೆಜ್ಮರ್ ಅಂದರೆ ಮತ್ತೇನಲ್ಲ, ಅವರ ಮದುವೆ ಓಲಗ' ಎಂದು ಷಡಕ್ಷರಿ ಮೇಷ್ಟ್ರು ಗುಬ್ಬಿ, ಕುಣಿಗಲ್ ಎಲ್ಲ ಸುತ್ತಿ ಬ್ಯಾಂಡಿನವರನ್ನು ಕರೆದಿದ್ದರು. ಊಟ ಉಚಿತ ಎಂದದ್ದಕ್ಕೋ ಏನೋ ಇಪ್ಪತ್ತಾರು ಜನ ಸೇರಿದ್ದರು. ಗುಬ್ಬಿಯಿಂದ ಇಬ್ಬರು: ಕ್ಲಾರ್ನೆಟ್ಟಿನ ಮನ್ಸೂರ್, ಡ್ರಮ್ಮಿನ ಅಂಜನಪ್ಪ.

ಲೇಯಾಳ ಅಪ್ಪ ಯೋಸೆಫ್, ಪೋಲೆಂಡ್ ಕಡೆಯ ಯಹೂದಿ. ಯುದ್ಧದ ಮುಂಚೆ ಜೀವ ಉಳಿಸಿಕೊಂಡು ಬಂದು, ಕುಣಿಗಲ್‌ನ ಕುದುರೆ ಫಾರಂನಲ್ಲಿ ಕುದುರೆ ಡಾಕ್ಟರಾಗಿದ್ದ. ಯುದ್ಧ ಮುಗಿದು ವಾಪಸು ಹೋಗುವ ತನಕ, ಅಂದರೆ ಎಂಟು ವರ್ಷದವಳಾಗುವ ತನಕ, ಲೇಯಾ ಅಲ್ಲೇ ಬೆಳೆದಳು. ಅವಳ ಕನ್ನಡಕ್ಕೂ ಅಷ್ಟೇ ವಯಸ್ಸು. ಎಂಟರ ಮೇಲೆ ಅದು ಬೆಳೆದೇ ಇರಲಿಲ್ಲ. ನರೆತ ತಲೆಯ ಆ ದೊರೆಸಾನಿ ಮೊದಲ ದಿನ ಹಲಗೆಯ ಮುಂದೆ ನಿಂತು, "ಎಲ್ರೂ ನೆಟ್ಟಗೆ ಕೂತ್ಕೊಳ್ರೋ. ಲೋ ಡ್ರಮ್ಮು, ನಿಂಗೇ ಹೇಳಿದ್ದು!" ಎಂದಾಗ ಇಡೀ ಕೋಣೆ ಬಿದ್ದು ಬಿದ್ದು ನಕ್ಕಿತ್ತು.

"ಮಿಸ್ಸು ನಂಗೆ ಲೋ ಅಂದ್ರು ಕಣ್ಲಾ ಮನ್ಸೂರ," ಎಂದ ಅಂಜನಪ್ಪ, ಸಂಜೆ ಬಸ್ಸಿನಲ್ಲಿ. "ನಮ್ಮವ್ವ ಸತ್ತೋದ್ಮೇಲೆ ನನ್ನ ಯಾರೂ ಹಂಗೆ ಕರ್ದಿರ್ಲಿಲ್ಲ. ಈ ಭಾಷೆ ಕಲೀದೇ ಬುಡೋನಲ್ಲ ನಾನು."

ಆದರೆ ಕಲಿತವನು ಮನ್ಸೂರ್. ಉರ್ದು ಓದಿದ್ದವನಿಗೆ ಬಲದಿಂದ ಎಡಕ್ಕೆ ಕಣ್ಣು ಓಡಿಸುವುದು ಹೊಸದಲ್ಲ. ಆರನೇ ದಿನಕ್ಕೆ ಅಕ್ಷರಗಳೆಲ್ಲ ಬಂದವು. ಲೇಯಾ ಅವನ ಬೆನ್ನು ತಟ್ಟಿ ಹೇಳಿದಳು: "ನಿಮ್ಮಪ್ಪಂಗೂ ಬೇಗ ಬಂತು ಕಣೋ. ಬುಡೇನ್ ಮಾಮ ನನ್ ಜೊತೇಲೇ ಕಲ್ತಿದ್ದು. ನಮ್ಮಪ್ಪ ಹೇಳ್ಕೊಡೋನು. ನಾನು ಅಳ್ತಿದ್ದೆ, ಅವ್ನು ಲಾಳದ ಮೊಳೆ ತಗೊಂಡು ಮಣ್ಣಲ್ಲಿ ಬರ್ದು ಬರ್ದು ಕಲ್ತ."

ಅಪ್ಪ ಫಾರಂನಲ್ಲಿ ಕುದುರೆಗೆ ಲಾಳ ಕಟ್ಟುತ್ತಿದ್ದದ್ದು, ಕುದುರೆ ಡಾಕ್ಟರ ಹತ್ತಿರ ಕ್ಲಾರ್ನೆಟ್ ಕಲಿತದ್ದು ಮನ್ಸೂರನಿಗೆ ಗೊತ್ತಿತ್ತು. ಅಕ್ಷರವನ್ನೂ ಕಲಿತಿದ್ದರೆಂಬುದು ಗೊತ್ತಿರಲಿಲ್ಲ. ಅವತ್ತು ಅವನ ಎದೆ ಒಂದು ಗೇಣು ಉಬ್ಬಿತು.

ಇನ್ನೊಂದು ಸಂಗತಿ ನಡೆದದ್ದು ಮೊದಲ ದಿನವೇ. ಯಾರಿಗೆ ಏನು ಬರುತ್ತದೋ ನುಡಿಸಿ ಎಂದಾಗ ಮನ್ಸೂರ್ ಹೆಣ್ಣೊಪ್ಪಿಸುವ ರಾಗ ನುಡಿಸಿದ್ದ. ಚೇಳೂರು, ಹಾಗಲವಾಡಿ ಸುತ್ತಿನಲ್ಲಿ ಆ ರಾಗ ಕೇಳದೆ ಗಂಡನ ಮನೆಗೆ ಹೋದ ಹುಡುಗಿಯಿಲ್ಲ. ಕಲ್ಲಿನಂಥ ಅಪ್ಪಂದಿರೂ ಅದಕ್ಕೆ ಹೆಗಲ ಟವೆಲ್ಲು ಮುಖಕ್ಕೆ ಹಿಡಿಯುತ್ತಿದ್ದರು. ಲೇಯಾ ಕಣ್ಣು ಮುಚ್ಚಿ ಕೇಳಿದಳು. "ನಮ್ಮ ತಾತಂದು ಇದು," ಎಂದಳು. "ಮದ್ವೆ ಹೆಣ್ಣನ್ನ ಅಳ್ಸೋಕೆ ನುಡಿಸ್ತಿದ್ನಂತೆ." ಆಮೇಲೆ ಕ್ಲಾರ್ನೆಟ್ಟನ್ನು ಕೈಗೆ ತೆಗೆದುಕೊಂಡಳು. ಅದರ ಕತ್ತಿನ ಹತ್ತಿರ, ಹಳೆಯ ಬಿರುಕನ್ನು ಮುಚ್ಚಿ ಹಾಕಿದ ತೆಳ್ಳನೆಯ ಬೆಳ್ಳಿ ಬಳೆಯೊಂದಿತ್ತು. ಬಳೆಯನ್ನು ಹೆಬ್ಬೆರಳಿನಿಂದ ನಿಧಾನಕ್ಕೆ ಸವರಿದಳು.

"ಇದು ಎಲ್ಲಿಂದ ಬಂತೋ ಮನ್ಸೂರ?"

"ಅಬ್ಬಾ ಬೆಂಗ್ಳೂರು ದಂಡಿನ ಹರಾಜಲ್ಲಿ ತಗೊಂಡಿದ್ರಂತೆ ಮೇಡಂ. ಹಳೇದು, ಆದ್ರೂ ಒಂದಿನ ಕೈ ಕೊಟ್ಟಿಲ್ಲ."

ಅಪ್ಪ ಹೇಳಿದ್ದನ್ನೇ ಅವನು ಹೇಳಿದ್ದ. ಲೇಯಾ ಅವನ ಮುಖವನ್ನು ಸ್ವಲ್ಪ ಹೊತ್ತು ನೋಡಿ, "ಹೂಂ. ಒಳ್ಳೇ ಮರ," ಎಂದು ಎರಡೂ ಕೈಯಿಂದ ಅದನ್ನು ವಾಪಸು ಕೊಟ್ಟಿದ್ದಳು.

ಈಗ, ಶಾಲೆಗೆ ರಜೆಯಿದ್ದ ಈ ಭಾನುವಾರದ ಬೆಳಗ್ಗೆ, ಜಗಲಿಯ ಮೇಲೆ ಕೂತ ಮನ್ಸೂರನ ಕಣ್ಣು ತಾನಾಗಿಯೇ ಬಲದಿಂದ ಎಡಕ್ಕೆ ಓಡಿತು. ಗಾಜಿನ ಹಿಂದೆ ಹೊಗೆ ಹಿಡಿದು ಬಳ್ಳಿಯಂತೆ ಕಾಣುತ್ತಿದ್ದ ಗೆರೆಗಳು ಒಂದೊಂದಾಗಿ ಅಕ್ಷರವಾದವು. ಮಗುವಿಗೆ ಬರೆದಂತೆ ಬಿಡಿಬಿಡಿಯಾಗಿ, ದಪ್ಪಗೆ ಬರೆದಿದ್ದರು. ಮೊದಲ ಪದ 'ಲಿಬರ್'. ಹಾಡಿನಲ್ಲಿ ದಿನಾ ಬರುವ ಪದ, ಪ್ರೀತಿಯ, ಎಂದರ್ಥ. ಎರಡನೆಯ ಪದವನ್ನು ಅವನು ಮೂರು ಸಲ ಕೂಡಿಸಿ ಓದಿದ. ಮೂರು ಸಲವೂ ಅದು ಒಂದೇ ಆಯಿತು.

ಬುಡೇನ್.

ಪ್ರೀತಿಯ ಬುಡೇನ್. ದೇವರ ದುವಾ ಹಾಗೆ ಶುರುವಾಗುವುದಿಲ್ಲ. ಅವನು ಕೆಳಗಿನ ಸಾಲುಗಳಲ್ಲಿ ತಡಕಾಡಿದ. ಗೊತ್ತಿದ್ದ ಪದಗಳು ಕತ್ತಲಲ್ಲಿ ಕೈಗೆ ಸಿಗುವ ಪಾತ್ರೆಗಳಂತೆ ಸಿಕ್ಕವು: ಟಾಟೆ, ಅಂದರೆ ಅಪ್ಪ. ಹೈಮ್, ಅಂದರೆ ಮನೆ. ಮತ್ತೆ ಮಧ್ಯದಲ್ಲಿ, ಯಾವ ಭಾಷೆಯಲ್ಲೂ ತಪ್ಪಿಸಿಕೊಳ್ಳಲಾಗದ ಒಂದು ಪದ: ಕ್ಲಾರ್ನೆಟ್.

"ಒಣಗ್ತಾ?" ಎಂದು ಒಳಗಿನಿಂದ ಫಾತಿಮುನ್ನೀಸಾ ಕೇಳಿದಳು.

"ಇನ್ನೂ ಇಲ್ಲ," ಎಂದ ಮನ್ಸೂರ್. ಅವನ ಸ್ವರ ಅವನಿಗೇ ಅಪರಿಚಿತವಾಗಿತ್ತು.

ಮರುದಿನದಿಂದ ಅವನು ಶಾಲೆಯಲ್ಲಿ ಕಳ್ಳನಂತಾದ. ತಿಳಿಯದ ಪದಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ, ಸಾಲು ಗೊತ್ತಾಗದಂತೆ ಹಿಂದುಮುಂದು ಮಾಡಿ, ದಿನಕ್ಕೆ ಒಂದೋ ಎರಡೋ ಕೇಳುವುದು. ಲೇಯಾ ಚಾಕ್‌ಪೀಸು ಹಿಡಿದು ತಾಳ್ಮೆಯಿಂದ ಹೇಳುವುದು. ಗಾಸ್ ಎಂದರೆ ಬೀದಿ. ಕೈನರ್ ಎಂದರೆ ಯಾರೂ ಇಲ್ಲ. ಶಿಕ್ ಎಂದರೆ ಕಳಿಸು. ಬುಧವಾರ ಅವನ ಹತ್ತಿರ ಒಂದೇ ಪದ ಉಳಿದಿತ್ತು.

"ವಾರ್ಟ್ ಅಂದ್ರೇನು ಮೇಡಂ?"

"ಕಾಯೋದು. ಇಖ್ ವಾರ್ಟ್, ನಾನು ಕಾಯ್ತಿದೀನಿ." ಆಕೆ ಬರೆಯುತ್ತಿದ್ದ ಕೈಯನ್ನು ನಿಲ್ಲಿಸಿದಳು. "ಎಲ್ಲಿ ಓದ್ದೆ?"

"ಯಾವ್ದೋ ಹಾಡಲ್ಲಿ ಇತ್ತಲ್ಲ."

ಆ ಪದವಿದ್ದ ಹಾಡನ್ನು ಆಕೆ ಇನ್ನೂ ಕಲಿಸಿರಲಿಲ್ಲ. ಇಬ್ಬರಿಗೂ ಅದು ಗೊತ್ತಿತ್ತು. ಲೇಯಾ ಹಲಗೆಯ ಮೇಲಿನ ಪದವನ್ನು ನಿಧಾನವಾಗಿ ಅಳಿಸಿದಳು.

ಆವತ್ತು ಮನೆಗೆ ಬಂದು ಮನ್ಸೂರ್ ಹೆಂಡತಿಯನ್ನು ಅಡುಗೆಮನೆಯಿಂದ ಕರೆದು ಎದುರಿಗೆ ಕೂರಿಸಿ, ಕಾಗದವನ್ನು ಮೊದಲಿಂದ ಕೊನೆಯ ತನಕ ಓದಿ ಹೇಳಿದ:

'ಪ್ರೀತಿಯ ಬುಡೇನ್, ನಾನು ನಮ್ಮ ಊರಿಗೆ ಹೋದೆ. ಮನೆ ಇಲ್ಲ. ಬೀದಿ ಇಲ್ಲ. ಯಾರೂ ಇಲ್ಲ. ನನ್ನ ಅಪ್ಪನದು ಎಂದು ಈ ಲೋಕದಲ್ಲಿ ಉಳಿದಿರುವುದು ನಿನ್ನ ಹತ್ತಿರ ಇಟ್ಟುಬಂದ ಕ್ಲಾರ್ನೆಟ್ ಒಂದೇ. ಈಗ ನನಗೊಂದು ಮನೆಯಾಗಿದೆ. ಕಳಿಸು. ಕಾಯ್ತಿದ್ದೀನಿ. ನಿನ್ನ ಯೋಸೆಫ್.'

ಒಲೆಯ ಮೇಲೆ ಹಾಲು ಉಕ್ಕಿದ ವಾಸನೆ ಬಂತು. ಇಬ್ಬರೂ ಏಳಲಿಲ್ಲ.

"ಮಾವ ಓದ್ತಿದ್ರಾ ಇದನ್ನ?"

"ಓದ್ತಿದ್ರು. ಓದಕ್ಕೆ ಬರ್ಲಿ ಅಂತಾನೇ ಹಿಂಗೆ ಬಿಡಿಸಿ ಬರ್ದವ್ನೆ ಪುಣ್ಯಾತ್ಮ."

"ಮೂವತ್ತು ವರ್ಷ ಲೋಬಾನ ಹಾಕಿದೀನಿ ನಾನು," ಎಂದಳು ಆಕೆ. ದನಿ ಏರಿರಲಿಲ್ಲ. "ಫಿರ್ದೋಸ್ ಹೊಟ್ಟೇಲಿದ್ದಾಗ ಇದ್ರ ನೀರೇ ಕುಡ್ದೆ. ಮಾವ ಹಾಸ್ಗೆ ಹಿಡ್ದಾಗ..."

ಇಬ್ಬರಿಗೂ ಅದೇ ನೆನಪಾಗಿತ್ತು. ಹದಿನೆಂಟು ವರ್ಷದ ಹಿಂದೆ, ಅಪ್ಪನ ಉಸಿರು ಗಂಟಲಿಗೆ ಬಂದಾಗ, ಫ್ರೇಮಿನ ಕೆಳಗಿಟ್ಟಿದ್ದ ನೀರನ್ನು ಮನ್ಸೂರನೇ ಚಮಚದಲ್ಲಿ ತುಟಿಗೆ ಹಿಡಿದಿದ್ದ. ಬುಡೇನ್ ಸಾಬರು ಹಲ್ಲು ಕಚ್ಚಿ ಬಾಯಿ ಮುಚ್ಚಿಕೊಂಡರು. ನೀರು ಗಡ್ಡದ ಮೇಲಿಂದ ದಿಂಬಿಗೆ ಹರಿಯಿತು. 'ದವಡೆ ಕಟ್ಟಿದೆ' ಎಂದಿದ್ದರು ನೆರೆದವರು. ಆಮೇಲೆ ಬಾವಿಯ ನೀರು ತಂದು ಹಿಡಿದಾಗ ಕುಡಿದಿದ್ದರು. ಹದಿನೆಂಟು ವರ್ಷ ಆ ಎರಡು ಲೋಟಗಳನ್ನು ಮನ್ಸೂರ್ ಪಕ್ಕಪಕ್ಕ ಇಟ್ಟು ನೋಡಿರಲಿಲ್ಲ.

"ದಂಡಿನ ಹರಾಜು ಅಂದ್ರಲ್ಲ ಅಬ್ಬಾ," ಎಂದ ಅವನು. "ನನ್ನ ಕೈಗೆ ಕ್ಲಾರ್ನೆಟ್ ಕೊಟ್ಟ ದಿನ ಕೈಕಾಲು ಮುಖ ತೊಳ್ಸಿ ವುಜೂ ಮಾಡ್ಸಿ, ಬಿಸ್ಮಿಲ್ಲಾ ಹೇಳ್ಸಿ ಕೊಟ್ರು. ಅಮಾನತ್ತು, ಅಂದ್ರೆ ನಂಬಿ ಒಪ್ಪಿಸಿದ ಒಡವೆ, ಅದನ್ನ ತಿಂದೋನು ಮುನಾಫಿಕ್, ಎರಡು ನಾಲಿಗೆಯೋನು ಅಂತ ನಂಗೆ ಹೇಳ್ಕೊಟ್ಟೋರೂ ಅವ್ರೇನೇ. ಇದಕ್ಕಿಂತ ಗೋಡೆಗೆ ಬರೀ ಮೊಳೆ ಹೊಡೆದಿದ್ರೆ ಆಗ್ತಿತ್ತು. ಬಾಕಿ ಕೇಳೋ ಕಾಗದಾನ ನಾವು ಕಣ್ಣಿಗೊತ್ಕೊಳ್ಳೋ ಹಂಗೆ ಮಾಡಿದ್ರಲ್ಲ ಫಾತಿಮಾ."

"ಈಗೇನು ಮಾಡ್ತೀರಿ?"

"ಏನಿಲ್ಲ. ಯಾರಿಗೆ ಗೊತ್ತು? ಕ್ಲಾರ್ನೆಟ್ ಹೋದ್ರೆ ಬ್ಯಾಂಡು ಹೋಯ್ತು. ಅಬ್ಬಾ ಹೆಸ್ರೂ ಹೋಯ್ತು. ಮತ್ತೆ ಫ್ರೇಮ್ ಹಾಕ್ತೀನಿ."

ಫಾತಿಮುನ್ನೀಸಾ ಎದ್ದು ಸೆರಗು ಕೊಡವಿಕೊಂಡಳು. "ಕೊಟ್ಬಿಡಿ ಅಂತ ನಾನು ಹೇಳಲ್ಲ. ಅದು ನಿಮ್ಮ ಅನ್ನ. ಆದ್ರೆ ನಾಳೆ ಗುರುವಾರ. ಲೋಬಾನ ಹಾಕು ಅಂತ ನೀವೂ ನಂಗೆ ಹೇಳ್ಬೇಡಿ."

ಗುರುವಾರ ಲೋಬಾನ ಹಾಕಲಿಲ್ಲ. ಫ್ರೇಮು ಮಾತ್ರ ತನ್ನ ಜಾಗಕ್ಕೆ ಏರಿತ್ತು. ಶುಕ್ರವಾರ ನಮಾಜು ಮುಗಿಸಿ ಮನ್ಸೂರ್ ಖಬರಸ್ತಾನಕ್ಕೆ ಹೋದ. ಅಪ್ಪನ ತಲೆದೆಸೆಯಲ್ಲಿ ನಿಂತು ಕೈಯೆತ್ತಿದ. ಸತ್ತವರಿಗಾಗಿ ಓದುವ ಫಾತಿಹಾದ ಮೊದಲ ಮಾತು ನಾಲಿಗೆಯ ತನಕ ಬಂತು, ಹೊರಗೆ ಬರಲಿಲ್ಲ. ಸಮಾಧಿಯ ಮೇಲೆ ಗರಿಕೆ ಹುಲುಸಾಗಿತ್ತು. ಮಳೆ ಯಾರ ಮೇಲೂ ಮುನಿಯುವುದಿಲ್ಲವಲ್ಲ ಎಂದುಕೊಂಡ. ಕೈ ಇಳಿಸಿ ವಾಪಸು ನಡೆದ.

ಭಾನುವಾರ ಚೇಳೂರಿನಲ್ಲಿ ಮದುವೆಯಿತ್ತು, ಲಕ್ಷ್ಮೀನರಸಿಂಹಯ್ಯನವರ ಮಗಳು ನೇತ್ರಾವತಿಯದು. ಬೆಳಗ್ಗೆಯೇ ಬ್ಯಾಂಡಿನವರು ಬಂದು ಸೇರಿದರು. ಕೆಂಪು ಕೋಟು ತೊಟ್ಟವರು ಒಬ್ಬೊಬ್ಬರಾಗಿ ಫ್ರೇಮು ಮುಟ್ಟಿ ಕಣ್ಣಿಗೊತ್ತಿಕೊಂಡು ಹೊರಗೆ ಹೋದರು. ಮನ್ಸೂರ್ ಕ್ಲಾರ್ನೆಟ್ಟಿನ ಪೆಟ್ಟಿಗೆ ಹಿಡಿದು ನಡುಮನೆಯಲ್ಲಿ ನಿಂತಿದ್ದ. ಅವನ ಸರದಿ ಬಂತು. ಕಾಲು ತಲೆಬಾಗಿಲಿಗೆ ಹೋಗಲಿಲ್ಲ. ಅಡುಗೆಮನೆ ದಾಟಿ, ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಹಾದು, ಹಿತ್ತಿಲ ಬಾಗಿಲಿನಿಂದ ಬೀದಿಗೆ ಬಂದ.

ವ್ಯಾನಿಗೆ ಡ್ರಮ್ಮು ಏರಿಸುತ್ತಿದ್ದ ಅಂಜನಪ್ಪ ತಿರುಗಿ ನೋಡಿ ನಕ್ಕ. "ಏನ್ಲಾ, ನೀನೂ ಶುರು ಹಚ್ಕಂಡಾ? ನಿಮ್ಮಪ್ಪನೂ ಹಿಂಗೇ. ಎಲ್ರಿಗೂ ಮುಟ್ಟಿ ಮುಟ್ಟಿ ಅನ್ನೋನು, ತಾನು ಮಾತ್ರ ಹಿತ್ಲಿಂದ ಬರೋನು. ಕೋಳಿ ಗೂಡಿನ ಬಾಗ್ಲು ಹಾಕಿದ್ನಾ ನೋಡ್ದೆ ಅನ್ನೋನು. ಒಂದಿನ ತಪ್ಪಿಲ್ಲ."

ಮನ್ಸೂರ್ ವ್ಯಾನಿನ ಬಾಗಿಲು ಹಿಡಿದುಕೊಂಡು ನಿಂತ. ಕೋಳಿ ಗೂಡಿನ ನೆಪ ಅವನಿಗೂ ಗೊತ್ತಿತ್ತು. ಅಪ್ಪನ ಬೆನ್ನು ಹಿತ್ತಿಲ ಬಾಗಿಲಲ್ಲಿ ಬಾಗಿ ಮರೆಯಾಗುವುದನ್ನು ನೂರಾರು ಸಲ ನೋಡಿದ್ದ. ಆ ಬಾಗಿಲು ಇಷ್ಟು ಕುಳ್ಳು ಎಂದು ಇವತ್ತು ತಲೆಗೆ ತಗುಲಿದ ಮೇಲೆ ಗೊತ್ತಾಯಿತು.

ಚೇಳೂರಿನಲ್ಲಿ ಎಲ್ಲವೂ ಎಂದಿನಂತೆ ನಡೆಯಿತು. ಊಟ ಮುಗಿದು ಹೆಣ್ಣೊಪ್ಪಿಸುವ ಹೊತ್ತಾಯಿತು. ಮನ್ಸೂರ್ ರಾಗ ಎತ್ತಿಕೊಂಡ. ಹೆಂಗಸರ ಸೆರಗುಗಳು ಮೇಲೇರಿದವು. ಲಕ್ಷ್ಮೀನರಸಿಂಹಯ್ಯ ಮಗಳ ಕೈಯನ್ನು ಬೀಗಿತ್ತಿಯ ಕೈಯೊಳಗಿಟ್ಟು, "ಇಷ್ಟ್ ದಿನ ನಮ್ಮನೇಲಿ ಇಟ್ಕಂಡಿದ್ವಿ ತಾಯಿ. ಇನ್ನು ನಿಮ್ದು," ಎಂದರು. ಆ ಮಾತಿಗೆ ಸರಿಯಾಗಿ ಕ್ಲಾರ್ನೆಟ್ಟಿನ ಉಸಿರು ತುಂಡಾಯಿತು. ಮೂವತ್ತು ವರ್ಷದಲ್ಲಿ ಮೊದಲ ಸಲ. ಕಹಳೆಯವನು ಗಾಬರಿಯಿಂದ ನೋಡಿದ. ಅಂಜನಪ್ಪ ಡ್ರಮ್ಮು ಬಾರಿಸಿ ಆ ತೂತನ್ನು ಮುಚ್ಚಿದ.

ವಾಪಸು ಬರುವಾಗ ವ್ಯಾನಿನ ಹಿಂದಿನ ಸೀಟಿನಲ್ಲಿ ಮನ್ಸೂರ್ ಗೆಳೆಯನಿಗೆ ಎಲ್ಲವನ್ನೂ ಹೇಳಿದ.

"ಐವತ್ತು ವರ್ಷ ಆಯ್ತು, ಬುಡು, ಅನ್ನೋಣ ಅಂತಿದ್ದೆ," ಎಂದ ಅಂಜನಪ್ಪ, ಗುಬ್ಬಿ ಹತ್ತಿರ ಬಂದಾಗ. "ಆದ್ರೆ ನಾನೂ ಮುಟ್ಟಿ ಕಣ್ಗೊತ್ಕಂಡಿದೀನಲ್ಲೋ. ಇವತ್ತು ಬೆಳಗ್ಗೇನೂ ಒತ್ಕಂಡೆ. ಗೊತ್ತಿದ್ದೂ ಸುಮ್ನೆ ನೋಡ್ತಾ ನಿಂತಿದ್ಯಲ್ಲೋ ನೀನು." ಆ ಮಾತು ಮನ್ಸೂರನ ಮುಖಕ್ಕೆ ಹೊಡೆದಂತಾಯಿತು. ಅಂಜನಪ್ಪನಿಗೆ ಅದು ಕಂಡಿರಬೇಕು, ಮೊಣಕೈಯಿಂದ ತಿವಿದ. "ಫಾರಂನಲ್ಲಿ ಲಾಳ ಕಟ್ಟೋರು ಬೇಕಂತೆ ಕಣ್ಲಾ. ಹೋಗೋಣ್ವಾ? ನಾನು ಕುದ್ರೆ ಕಾಲು ಹಿಡ್ಕತೀನಿ, ನೀನು ಮೊಳೆ ಹೊಡಿ."

ಮಂಗಳವಾರ ತುಮಕೂರಿನಲ್ಲಿ ಶಾಲೆಯ ಕೊನೆಯ ದಿನ. ಮಧ್ಯಾಹ್ನದ ಬಿಸಿಲಿಗೆ ಶಾಮಿಯಾನ ಹಾಕಿದ್ದರು. ಷಡಕ್ಷರಿ ಮೇಷ್ಟ್ರು ಮೈಕಿನ ಮುಂದೆ ವಂದನೆಗಳ ಮೇಲೆ ವಂದನೆ ಹೇಳುತ್ತಿದ್ದರು. ಮಕ್ಕಳು ಯಿದ್ದಿಷ್ ಜೋಗುಳ ಹಾಡಿದರು. ಕುಣಿಗಲ್‌ನ ಬ್ಯಾಂಡಿನವರು ಕ್ಲೆಜ್ಮರ್ ಕುಣಿತವನ್ನು ನಮ್ಮ ಧಾಟಿಯಲ್ಲೇ ಬಾರಿಸಿ ಶಿಳ್ಳೆ ಗಿಟ್ಟಿಸಿದರು. ಕೊನೆಯವನು ಮನ್ಸೂರ್. ಅವನು ಅಪ್ಪನ ರಾಗವನ್ನು, ಅಲ್ಲ, ಆ ದೂರದ ಊರಿನ ಮದುವೆ ಓಲಗದವನ ರಾಗವನ್ನು, ಒಂದು ಉಸಿರೂ ತುಂಡಾಗದಂತೆ ಕೊನೆಯವರೆಗೆ ನುಡಿಸಿದ. ಚಪ್ಪಾಳೆ ಮುಗಿಯುವ ಮುಂಚೆಯೇ ಇಳಿದು ಬಂದ.

ಲೇಯಾ ತರಗತಿಯಲ್ಲಿ ಒಬ್ಬಳೇ ಇದ್ದಳು. ಹಲಗೆಯ ಮೇಲಿನ ಅಕ್ಷರಗಳನ್ನು ಒರೆಸುತ್ತಿದ್ದಳು. ಮನ್ಸೂರ್ ಮುಂದಿನ ಬೆಂಚಿನ ಮೇಲೆ ಕೂತು, ಕ್ಲಾರ್ನೆಟ್ಟನ್ನು ಐದು ತುಂಡಾಗಿ ಬಿಚ್ಚಿದ. ಒಂದೊಂದರ ಒಳಗೂ ಬಟ್ಟೆ ಎಳೆದು ತೇವ ತೆಗೆದ. ಬೆಳ್ಳಿ ಬಳೆಯನ್ನು ಅಂಗಿಯ ಚುಂಗಿನಿಂದ ಉಜ್ಜಿದ. ಒಂದೊಂದನ್ನೂ ಪೆಟ್ಟಿಗೆಯ ಅದರದರ ಗುಂಡಿಯಲ್ಲಿ ಮಲಗಿಸಿದ. ಜೇಬಿನಿಂದ ಹಳದಿ ಕಾಗದವನ್ನು ತೆಗೆದು ಮೇಲಿಟ್ಟು ಮುಚ್ಚಳ ಹಾಕಿದ. ಲೇಯಾ ತಿರುಗಿ ನಿಂತಿದ್ದಳು. ಒರೆಸುವ ಬಟ್ಟೆ ಅವಳ ಕೈಯಲ್ಲೇ ಇತ್ತು.

"ಹರಾಜಲ್ಲಿ ತಂದಿದ್ದಲ್ಲ ಮೇಡಂ," ಎಂದ.

"ಗೊತ್ತು ಕಣೋ," ಎಂದಳು ಆಕೆ, ಮೆಲ್ಲಗೆ. "ಆ ಬಳೆ ನಮ್ಮಮ್ಮಂದು."

"ಮೊದ್ಲ ದಿನಾನೇ ಕೇಳ್ಬೋದಿತ್ತಲ್ಲ ಮೇಡಂ."

"ನಮ್ಮಪ್ಪ ಸಾಯೋ ತಂಕ ಹೇಳ್ತಿದ್ದ, ಬುಡೇನ್ ಕಳಿಸ್ತಾನೆ ಅಂತ. ಒಂದಿನವೂ ಇನ್ನೊಂದು ಕಾಗದ ಹಾಕ್ಲಿಲ್ಲ. ಇನ್ನೊಂದು ಸಲ ಕೇಳಿದ್ರೆ ನಂಬಿಲ್ಲ ಅಂದಂಗಾಗುತ್ತೆ ಅಂತಿದ್ದ."

ಹೊರಗೆ ಮೈಕಿನಲ್ಲಿ ಮೇಷ್ಟ್ರು ಮನ್ಸೂರನ ಹೆಸರನ್ನು ಕೂಗುತ್ತಿದ್ದರು. ಅವನು ಎದ್ದ. ಎರಡು ಹೆಜ್ಜೆ ಇಟ್ಟವನು ಏನೋ ನೆನಪಾಗಿ ಪೆಟ್ಟಿಗೆಯನ್ನು ಮತ್ತೆ ತೆರೆದ. ಬಾಯಿತುದಿಗೆ ಕಟ್ಟಿದ್ದ, ಉಸಿರಿಗೆ ಅದುರಿ ನಾದ ಕೊಡುವ ಜೊಂಡಿನ ತೆಳು ರೀಡನ್ನು ಬಿಚ್ಚಿ ತನ್ನ ಜೇಬಿಗೆ ಹಾಕಿಕೊಂಡ. ಹೋದ ವರ್ಷ ಅವನೇ ಕೊಂಡದ್ದು ಅದು. ಮುಚ್ಚಳ ಮುಚ್ಚಿ, ಚಿಲಕ ಹಾಕಿ, ಬಿಸ್ಮಿಲ್ಲಾ ಎಂದು ತುಟಿಯೊಳಗೇ ಹೇಳಿಕೊಂಡು, ಪೆಟ್ಟಿಗೆಯನ್ನು ಎರಡೂ ಕೈಯಿಂದ ಅವಳ ಎರಡೂ ಕೈಗಿಟ್ಟ.